ಒಂದೇ ಮನೆ, ಒಂದೇ ವೈರಸ್

2021ರ ಎರಡನೇ ಅಲೆ ನೆನಪಿದೆಯಲ್ಲ? ಕಡೂರಿನ ತೆಂಗಿನ ತೋಟದ ಮನೆಯಿರಲಿ, ತರೀಕೆರೆಯ ಅಡಿಕೆ ತೋಟದ್ದಿರಲಿ, ಅಜ್ಜಂಪುರದ ಈರುಳ್ಳಿ ಬೆಳೆಗಾರರದ್ದಿರಲಿ, ಒಂದೇ ಪ್ರಶ್ನೆ. ಅಣ್ಣನಿಗೆ ಆಕ್ಸಿಜನ್, ಅದೇ ಮನೆಯ ತಮ್ಮನಿಗೆ ಬರೀ ನೆಗಡಿ. ಯಾಕೆ? "ಕಷಾಯ ಕುಡೀಲಿಲ್ಲ, ಹೇಳಿದ ಮಾತು ಕೇಳಲಿಲ್ಲ" ಅಂತ ಸತ್ತವರ ಮೇಲೇ ತಪ್ಪು ಹೊರಿಸಿದ್ದೂ ಆಯ್ತು.

ವಯಸ್ಸು, ಶುಗರ್, ಆಸ್ಪತ್ರೆಗೆ ಹೋಗಿದ್ದು ಎಷ್ಟು ತಡವಾಗಿ, ಇವೆಲ್ಲ ಕಾರಣಗಳೇ. ಹುಟ್ಟಿನಿಂದಲೇ ಬಂದ ಇನ್ನೊಂದೂ ಇದೆ: ಒಎಎಸ್-1 ಎಂಬ ಜೀನ್. ನಾನು ಓದಿದ್ದು ಎಂಜಿನಿಯರಿಂಗ್. ನಮ್ಮ ಭಾಷೇಲಿ ಇದೊಂದು ಸೆನ್ಸರ್. ಇದರಿಂದಾಗುವ ಪ್ರೋಟೀನ್, ಜೀವಕೋಶದೊಳಗೆ ವೈರಸ್ಸಿನ ಜೋಡಿ ಎಳೆಯ ಆರ್‌ಎನ್‌ಎ ಕಂಡ ತಕ್ಷಣ ಸಿಗ್ನಲ್ ಕೊಡುತ್ತೆ. ಆಗ ಎಚ್ಚರಗೊಳ್ಳುವ ಮತ್ತೊಂದು ಪ್ರೋಟೀನ್ ಆ ಆರ್‌ಎನ್‌ಎಯನ್ನು ಕತ್ತರಿಸಿ ಹಾಕುತ್ತೆ.

2022ರಲ್ಲಿ ನೊಬೆಲ್ ಪಡೆದ ಸ್ವಾಂಟೆ ಪಾಬೊ ಮತ್ತು ಹ್ಯೂಗೋ ಝೆಬರ್ಗ್ ಕಂಡುಕೊಂಡದ್ದು ಏನು ಗೊತ್ತಾ? ಈ ಜೀನ್ ಇರುವ ತುಣುಕು ನಿಯಾಂಡರ್ತಾಲ್ ಮಾನವರಿಂದ ಬಂದಿದ್ದರೆ, ಅಂಥ ಒಂದು ಪ್ರತಿಗೆ ತೀವ್ರ ಕೋವಿಡ್ ಅಪಾಯ ಸುಮಾರು ಶೇ. 22ರಷ್ಟು ಕಮ್ಮಿ. ಅವರಿಂದಲೇ ಬಂದ, 3ನೇ ಕ್ರೋಮೋಸೋಮಿನ ಮತ್ತೊಂದು ತುಣುಕು ಉಲ್ಟಾ, ಅಪಾಯ ಹೆಚ್ಚಿಸುತ್ತೆ. ದಕ್ಷಿಣ ಏಷ್ಯಾದ ಅರ್ಧದಷ್ಟು ಜನರಲ್ಲಿ ಅದಿದೆ!

ಅಪ್ಪ, ಅಮ್ಮನ ಎರಡೆರಡು ಪ್ರತಿಗಳಲ್ಲಿ ಒಂದೊಂದೇ ಮಗುವಿಗೆ ಬರೋದು. ತೋಟ ಸಮಪಾಲು ಮಾಡಬಹುದು, ಇದನ್ನಾಗಲ್ಲ. ಅಣ್ಣನಿಗೆ ಯಾವುದು ಬಂತು, ತಮ್ಮನಿಗೆ ಯಾವುದು ಬಂತು ಅನ್ನೋದು ಅವರ ಕೈಲಿರಲಿಲ್ಲ. ಕಷಾಯದ ಲೋಟದಲ್ಲೂ ಇರಲಿಲ್ಲ.