ಸದಸ್ಯರ ಪಟ್ಟಿಯಲ್ಲಿ ಇಲ್ಲದವರು

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ದೇವದುರ್ಗ ಸೀಮೆಯಿಂದ ತಿಂಥಣಿ ಹತ್ತಿರ ಕೃಷ್ಣೆಯನ್ನು ದಾಟಿದರೆ ಸುರಪುರ. 1841ರಿಂದ ಹನ್ನೆರಡು ವರ್ಷ ಅಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್, ರಾಜನಕೋಳೂರು ಮತ್ತು ಜೇವರ್ಗಿಯ ಕಲ್ಲುಗೋರಿಗಳನ್ನು ಅಗೆಸಿ, ಅಳೆದು, ಚಿತ್ರ ಬರೆದ. ಆ ಬರಹಗಳು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದವು. 1862ರಲ್ಲಿ ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಗೂ ಹೋದವು.

ಆ ಕಾಲದ ವಿದ್ವತ್ ಸಂಘಗಳ ರೀತಿ ಹೀಗಿತ್ತು: ದೂರದ ಊರಿನಿಂದ ಬಂದ ಬರಹವನ್ನು ಸಭೆಯಲ್ಲಿ ಓದುವುದು, ಚರ್ಚಿಸುವುದು, ಆಮೇಲೆ ಅಚ್ಚು ಹಾಕುವುದು. ಒಳ್ಳೆಯ ಪದ್ಧತಿಯೇ. ಆದರೆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಸದಸ್ಯರಾಗಲು ಇದ್ದ ಸದಸ್ಯರೇ ಹೆಸರು ಸೂಚಿಸಿ ಮತ ಹಾಕಬೇಕಿತ್ತು. 1784ರಲ್ಲಿ ಕಲ್ಕತ್ತದಲ್ಲಿ ಹುಟ್ಟಿದ ಏಷ್ಯಾಟಿಕ್ ಸೊಸೈಟಿ ಭಾರತೀಯರನ್ನು ಸೇರಿಸಿಕೊಂಡದ್ದು 1829ರಲ್ಲಿ. ಮುಂಬಯಿಯಲ್ಲಿ ಮೊದಲ ಭಾರತೀಯ ಸದಸ್ಯರಾದ ಮಾಣೆಕ್‌ಜೀ ಕರ್ಸೆಟ್‌ಜೀ ಅವರಿಗೆ ಪ್ರವೇಶ ಸಿಕ್ಕಿದ್ದು 1840ರಲ್ಲಿ.

ಓದು ಬರಹ ಬಲ್ಲ ಶ್ರೀಮಂತರಿಗೇ ಇಷ್ಟು ತಡವಾದರೆ, ಗುದ್ದಲಿ ಹಿಡಿದು ಆ ಗೋರಿ ಅಗೆದ ನಮ್ಮ ಕಡೆಯ ಕೂಲಿಯವರ ಮಾತೇನು? ಕಲ್ಲು ಎಲ್ಲಿದೆ ಎಂದು ತೋರಿಸಿದವರು ಊರಿನವರೇ. ಸದಸ್ಯರ ಪಟ್ಟಿಯಲ್ಲಿ ಅವರ ಹೆಸರಿಲ್ಲ.

ಟೇಲರ್ ಆ ಗೋರಿಗಳನ್ನು ಯುರೋಪಿನ ಕೆಲ್ಟರ ಗೋರಿಗಳೊಂದಿಗೆ ತಳುಕು ಹಾಕಿದ. ಆ ಊಹೆ ನಿಲ್ಲಲಿಲ್ಲ. ಅವು ಕಬ್ಬಿಣ ಯುಗದಲ್ಲಿ ಈ ನೆಲದಲ್ಲೇ ಬಾಳಿದವರ ಗೋರಿಗಳು ಎಂದು ಇಂದು ತಿಳಿದಿದೆ. ಆದರೆ ಅವನು ಪದರ ಪದರವಾಗಿ ಬರೆದ ಚಿತ್ರಗಳು ನಿಂತವು. ನೂರು ವರ್ಷದ ಹತ್ತಿರ ಹತ್ತಿರ ಆದ ಮೇಲೆ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅವುಗಳನ್ನು ಮೆಚ್ಚಿದರು. ಊಹೆ ತಪ್ಪಬಹುದು, ಸರಿಯಾಗಿ ಅಳೆದದ್ದು ಉಳಿಯುತ್ತದೆ.

ಮಕ್ಕಳೇ, ಇದನ್ನು ಇವತ್ತು ಹೇಳುವುದಕ್ಕೆ ಕಾರಣವಿದೆ. ಹೊಲ ಮಟ್ಟ ಮಾಡುವ ಜೆಸಿಬಿಗೆ ಬೂದಿದಿಬ್ಬವೂ ಒಂದೇ, ಕಲ್ಲುಗೋರಿಯೂ ಒಂದೇ. ಒಂದು ದಿನದಲ್ಲಿ ಎರಡೂ ಇಲ್ಲವಾಗುತ್ತವೆ. ಗೋರಿ ಅಗೆಯಬೇಡಿ, ಅದು ತಿಳಿದವರ ಕೆಲಸ. ಆದರೆ ಎಲ್ಲಿದೆ, ಎಷ್ಟು ಗೇಣು ಎತ್ತರ, ಊರಿನವರು ಅದಕ್ಕೆ ಏನೆನ್ನುತ್ತಾರೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ತಿಂಗಳಿಗೊಮ್ಮೆ ತರಗತಿಯಲ್ಲಿ ಓದಿ, ಉಳಿದವರು ಪ್ರಶ್ನೆ ಕೇಳಲಿ. ತೋರಿಸಿದ ಅಜ್ಜನ ಹೆಸರು, ಅಮ್ಮನ ಹೆಸರು ಮೊದಲು ಬರೆಯಿರಿ.

ಆ ಸಂಘಕ್ಕೆ ಯಾರ ಶಿಫಾರಸೂ ಬೇಡ. ರಾಯಚೂರಿನವರಿರಲಿ, ಮಾನ್ವಿಯವರಿರಲಿ, ಶಾಲೆಗೆ ಬಂದವರೆಲ್ಲ ಸದಸ್ಯರೇ.