ಅನುಪಾನದ ವಿವೇಕ



ನಮ್ಮ ಪ್ರಾಚೀನ ವೈದ್ಯದಲ್ಲಿ 'ಅನುಪಾನ' ಎಂಬ ಸೊಗಸಾದ ಮಾತೊಂದಿದೆ. ಔಷಧದೊಡನೆ, ಅಥವಾ ಅದರ ಬೆನ್ನಿಗೆ, ಸೇವಿಸುವಂಥದು ಅನುಪಾನ. ಒಂದೇ ಚೂರ್ಣವನ್ನು ಒಬ್ಬನಿಗೆ ಬಿಸಿನೀರಿನಲ್ಲಿ, ಇನ್ನೊಬ್ಬನಿಗೆ ಹಾಲಿನಲ್ಲಿ, ಮತ್ತೊಬ್ಬನಿಗೆ ಮಜ್ಜಿಗೆಯಲ್ಲಿ ಕೊಡುತ್ತಿದ್ದರು. ವಸ್ತು ಒಂದೇ, ಸಂಗಾತಿ ಬೇರೆ. ಈಗ ಔಷಧದ ಅಂಗಡಿಗಳಲ್ಲಿ 'ಸಪ್ಲಿಮೆಂಟ್' ಎಂಬ ಹೆಸರು ಹೊತ್ತ ಡಬ್ಬಿಗಳು ಸಾಲುಗಟ್ಟಿ ನಿಂತಿರುವುದನ್ನು ಕಂಡಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಪೂರಕವೆನ್ನುವುದಾದರೆ ಯಾವುದಕ್ಕೆ ಪೂರಕ? ಯಾರಿಗೆ? ಎಷ್ಟು ದಿನ? ಕೊಳ್ಳುವವರೂ ಕೇಳುವುದಿಲ್ಲ, ಮಾರುವವರೂ ಹೇಳುವುದಿಲ್ಲ.

ಪ್ರಕೃತಿ ಚಿಕಿತ್ಸೆಯವರಿಗಂತೂ ಇದು ಧರ್ಮಸಂಕಟದ ವಿಷಯವೇ ಸರಿ. 1946ರಲ್ಲಿ ಗಾಂಧೀಜಿ ಪುಣೆಯ ಬಳಿಯ ಉರುಳಿ ಕಾಂಚನದಲ್ಲಿ ಹಳ್ಳಿಗರಿಗೆ ನಿಸರ್ಗ ಚಿಕಿತ್ಸೆಯನ್ನು ಆರಂಭಿಸಿದರು. ನೀರು, ಮಣ್ಣು, ಬಿಸಿಲು, ಪಥ್ಯ—ಇವಿಷ್ಟರಿಂದಲೇ ಮೈಯನ್ನು ಸರಿಪಡಿಸುವುದು ಆ ಪಂಥದವರ ಹೆಮ್ಮೆ. ಅಂಥವರು ಮಾತ್ರೆ ನುಂಗಬಹುದೆ?

ಈ ಪ್ರಶ್ನೆಯನ್ನು ನಾನು ದೇವರಮನೆಯ ಸಮೀಪ ನೆಲೆಸಿರುವ ವೃದ್ಧ ಪ್ರಕೃತಿ ಚಿಕಿತ್ಸಕರೊಬ್ಬರಿಗೆ ನೇರವಾಗಿಯೇ ಹಾಕಿದೆ. ಮೂಡಿಗೆರೆ ತಾಲ್ಲೂಕಿನ ಆ ಬೆಟ್ಟಸಾಲನ್ನೂ ಮಂಜಿನಲ್ಲಿ ಅಡಗಿ ಕುಳಿತ ಕಾಲಭೈರವೇಶ್ವರನ ಗುಡಿಯನ್ನೂ ಕೇಳುಗರಲ್ಲಿ ಹಲವರು ಬಲ್ಲರು. ಅವರು ನಕ್ಕು, "ಬಟ್ಟಲಲ್ಲಿ ಸಿಕ್ಕದ್ದನ್ನು ಮಾತ್ರ ಡಬ್ಬಿಯಿಂದ ತಗೊಳ್ತೇನೆ ಮೇಷ್ಟ್ರೇ" ಎಂದರು.

ಅವರ ದಿನಚರಿ ಸರಳವಾದುದು. ಎದ್ದೊಡನೆ ಬೆಚ್ಚಗಿನ ನೀರು, ಊಟಕ್ಕೆ ಒಂದೆಲಗದ ತಂಬುಳಿ, ಕಾಲದಲ್ಲಿ ನೆಲ್ಲಿಕಾಯಿ. ಡಬ್ಬಿಯಿಂದ ಬರುವುದು ಎರಡೇ. ಮೊದಲನೆಯದು ಬಿ 12 ಜೀವಸತ್ವ. ಸೊಪ್ಪು, ಕಾಯಿ, ಬೇಳೆಗಳಲ್ಲಿ ಅದು ಇಲ್ಲ. ಹಾಲು ಮೊಸರುಗಳಲ್ಲಿ ಅಷ್ಟಿಷ್ಟು ಉಂಟು. ಮುಪ್ಪಿನಲ್ಲಿ ಜಠರದ ಆಮ್ಲ ಕುಗ್ಗಿದವರಿಗೆ ಆ ಅಷ್ಟಿಷ್ಟೂ ದಕ್ಕುವುದು ಕಷ್ಟ. ಅವರಾದರೋ ಹುಟ್ಟಾ ಸಸ್ಯಾಹಾರಿಗಳು. ಎರಡನೆಯದು ಡಿ ಜೀವಸತ್ವ. ಬಿಸಿಲು ಬಿದ್ದ ಚರ್ಮ ತಾನೇ ಅದನ್ನು ತಯಾರಿಸಿಕೊಳ್ಳುತ್ತದೆ. ಆದರೆ ಆಷಾಢ ಶ್ರಾವಣಗಳಲ್ಲಿ ದೇವರಮನೆಯಲ್ಲಿ ಬಿಸಿಲೆಲ್ಲಿ? ರಕ್ತಪರೀಕ್ಷೆಯಲ್ಲಿ ಕೊರತೆ ಕಂಡ ವರ್ಷ ಮಾತ್ರ, ವೈದ್ಯರು ಹೇಳಿದ ಅಳತೆಯಲ್ಲಿ ಅವರದನ್ನು ಸೇವಿಸುತ್ತಾರೆ. ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಊಟದೊಡನೆ. ಮೈಯಲ್ಲಿ ಶೇಖರವಾಗುವ ವಸ್ತುವಾದ್ದರಿಂದ ದೀಪಾವಳಿಯ ಹೊತ್ತಿಗೆ ನಿಲುಗಡೆ. ತೊಡಗುವುದಕ್ಕೆ ಕಾರಣ ಬೇಕಾದಂತೆ ನಿಲ್ಲಿಸುವುದಕ್ಕೂ ಒಂದು ದಿನ ಗೊತ್ತಾಗಿರಬೇಕೆಂಬುದು ಅವರ ಹಟ. ನನಗಂತೂ ಅವರ ಮಾತುಗಳಲ್ಲೆಲ್ಲ ಹೆಚ್ಚು ಹಿಡಿಸಿದ್ದು ಇದೇ.

ಬೇಡಿ ಬಂದವರಿಗೆ ಅವರೇ ಪುಡಿಯೊಂದನ್ನು ಕೂಡಿಸಿ ಕೊಡುವುದುಂಟು: ಅರಿಸಿನ, ಶುಂಠಿ, ತೋಟದ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಬಳ್ಳಿಯ ಕಾಳುಮೆಣಸು. ಅಳೆಯುವ ಮೊದಲು ಉಣ್ಣುವವನ ವಿಚಾರಣೆ. ಇದು ಹೊಸ ಪದ್ಧತಿಯೇನಲ್ಲ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ'ದಲ್ಲಿ ಮದ್ಯ ಮಾಂಸಗಳಿಗೆ ಎಡೆಯಿಲ್ಲ. ಅಲ್ಲಿ ಉಣ್ಣುವವನ ವ್ರತವನ್ನು ಮನ್ನಿಸಿಯೇ ಮದ್ದು ಹುಟ್ಟಿದೆ. (ಕನ್ನಡ ಎಂ.ಎ. ತರಗತಿಗಳಲ್ಲಿ ಇಂಥ ಗ್ರಂಥಗಳ ಹೆಸರನ್ನಷ್ಟೇ ಬರೆಸಿ ಮುಂದಕ್ಕೆ ಹೋಗುವುದು ನಮ್ಮ ವಾಡಿಕೆ!)

ಅರಿಸಿನಕ್ಕೆ ಮೆಣಸೇ ಏಕೆ? 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಇದಕ್ಕೆ ಉತ್ತರ ಕೊಟ್ಟರು. ಅರಿಸಿನದ ಸತ್ತ್ವವಾದ ಕರ್ಕ್ಯುಮಿನ್ ಒಂಟಿಯಾಗಿ ಹೋದರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ಅದರ ಎರಡು ಗ್ರಾಮಿಗೆ ಮೆಣಸಿನ ಸತ್ತ್ವವಾದ ಪೈಪರಿನ್ನನ್ನು 20 ಮಿಲಿಗ್ರಾಂ ಕೂಡಿಸಿದಾಗ, ಆರೋಗ್ಯವಂತ ಮನುಷ್ಯರಲ್ಲಿ ಅದು ಸುಮಾರು 20 ಪಟ್ಟು ಹೆಚ್ಚು ದಕ್ಕಿತು. ಡಬ್ಬಿಗಳ ಜಾಹೀರಾತು ಇಲ್ಲಿಗೆ ಮುಗಿಯುತ್ತದೆ. ಚಿಕಿತ್ಸಕರ ಎಚ್ಚರ ಇಲ್ಲಿಂದ ಆರಂಭವಾಗುತ್ತದೆ. ಅರಿಸಿನಕ್ಕೆ ಬಾಗಿಲು ತೆರೆದ ಪೈಪರಿನ್ ಅಪಸ್ಮಾರದ ಫೆನಿಟಾಯಿನ್, ರಕ್ತದೊತ್ತಡದ ಪ್ರೊಪ್ರನೊಲಾಲ್, ಉಬ್ಬಸದ ಥಿಯೊಫಿಲಿನ್‌ಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲುದು. ಸಾರಿನ ಮೆಣಸಿನ ಮಾತು ಬೇರೆ. ಬೇರ್ಪಡಿಸಿ ಮಾತ್ರೆಗೆ ತುಂಬಿದ ಸತ್ತ್ವದ ಮಾತು ಬೇರೆ. ಆದ್ದರಿಂದ ಬೇರೆ ಗುಳಿಗೆ ನುಂಗುತ್ತಿರುವವರಿಗೆ ಅವರು ಪುಡಿ ಕೊಡುವುದಿಲ್ಲ. "ನಿಮ್ಮ ಡಾಕ್ಟರನ್ನು ಕೇಳಿ ಬನ್ನಿ" ಎನ್ನುತ್ತಾರೆ. ಬಂದವರಲ್ಲಿ ಕೆಲವರಿಗೆ ಇದರಿಂದ ಕೋಪ ಬರುವುದೂ ಉಂಟಂತೆ.

ಇನ್ನು ಕಾಫಿಯ ವಿಚಾರ. ಕಾಫಿ ಬೆಳೆಯುವ ಈ ನಾಡಿನಲ್ಲಿ ಅದನ್ನು ಹೇಗೆ ಬಿಟ್ಟೀತು! ತೋಟದ ಲೈನ್ ಮನೆಗಳ ಹೆಂಗಸರಲ್ಲಿ ರಕ್ತಹೀನತೆ ಕಂಡವರಿಗೆ ಸರ್ಕಾರದಿಂದ ಕಬ್ಬಿಣದ ಮಾತ್ರೆ ಸಿಗುತ್ತದೆ. 2018ರಲ್ಲಿ 'ಅನೀಮಿಯಾ ಮುಕ್ತ ಭಾರತ'ವೆಂಬ ಕಾರ್ಯಕ್ರಮವೇ ಆರಂಭವಾಯಿತು. ಮಾತ್ರೆ ಮನೆ ತಲಪಿದರೆ ಸಾಕೆ? ಅದನ್ನು ಬೆಳಗ್ಗೆ ನುಂಗಿ ಮೇಲೊಂದು ಲೋಟ ಬೆಲ್ಲದ ಕಾಫಿ ಕುಡಿದು ಕೆಲಸಕ್ಕೆ ಹೊರಟರೆ, ಆ ಕಾಫಿಯೇ ಅನುಪಾನವಾಯಿತಲ್ಲ! 1983ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಯೊಂದರಲ್ಲಿ, ಊಟದೊಡನೆ ಒಂದು ಬಟ್ಟಲು ಕಾಫಿ ಕುಡಿದಾಗ ದೇಹ ಹೀರುವ ಕಬ್ಬಿಣ ನೂರಕ್ಕೆ 39ರಷ್ಟು ಇಳಿಯಿತು. ಊಟವಾಗಿ ಒಂದು ಗಂಟೆಯ ಮೇಲೆ ಕುಡಿದಾಗಲೂ ನಷ್ಟ ಅಷ್ಟೇ. ಊಟಕ್ಕೆ ಒಂದು ಗಂಟೆ ಮೊದಲೇ ಕುಡಿದವರಿಗೆ ಮಾತ್ರ ನಷ್ಟವಾಗಲಿಲ್ಲ. ನಿಂಬೆ, ನೆಲ್ಲಿಗಳ ಸಿ ಜೀವಸತ್ವವಾದರೋ ಕಬ್ಬಿಣಕ್ಕೆ ಒಳ್ಳೆಯ ಸಂಗಾತಿ.

ಹೀಗಾಗಿ ಆ ಹೆಂಗಸರಿಗೆ ಅವರು ಕೊಟ್ಟದ್ದು ಹೊಸ ಮಾತ್ರೆಯನ್ನಲ್ಲ, ಒಂದು ಹೊತ್ತನ್ನು. ನಾನು ಜಗಲಿಯಲ್ಲಿ ಕುಳಿತಿದ್ದಾಗಲೇ ಒಬ್ಬಾಕೆ ಮುಖ ಸಣ್ಣದು ಮಾಡಿಕೊಂಡು, "ಕಾಫಿ ಬಿಡಕ್ಕಾಗಲ್ಲ ಡಾಕ್ಟ್ರೇ. ಬೇಕಾದ್ರೆ ಮಾತ್ರೇನ ರಾತ್ರಿಗೆ ತಗೋತೀನಿ" ಎಂದಳು.

"ಅಷ್ಟೇ ಸಾಕಮ್ಮ. ಜೊತೆಗೆ ಒಂದಿಷ್ಟು ನಿಂಬೆರಸ ಹಿಂಡ್ಕೊಂಡು ನೀರು ಕುಡಿ" ಎಂದರು ಅವರು.

(ಬಾನುಲಿ ಭಾಷಣ)