ಕರಿಗಲ್ಲಿನ ಹೆಸರೂ ವಿಜ್ಞಾನದ ಇಂಗ್ಲಿಷೂ

ಚಾಮರಾಜನಗರದ ಕರಿಗಲ್ಲು ಹೆಸರುವಾಸಿಯಾದದ್ದು. ವ್ಯಾಪಾರಿಗಳ ಬಾಯಲ್ಲಿ ಅದು 'ಬ್ಲ್ಯಾಕ್ ಗ್ರಾನೈಟ್'. ಭೂವಿಜ್ಞಾನಿಯನ್ನು ಕೇಳಿದರೆ ಅವನು ಅದನ್ನು ಗ್ರಾನೈಟೆಂದು ಒಪ್ಪುವುದಿಲ್ಲ. ಅವನ ಶಾಸ್ತ್ರದಲ್ಲಿ ಗ್ರಾನೈಟೆಂದರೆ ಬೆಣಚುಕಲ್ಲೂ ಫೆಲ್ಡ್‌ಸ್ಪಾರೂ ಹೇರಳವಾಗಿರುವ, ಸಾಮಾನ್ಯವಾಗಿ ತಿಳಿಬಣ್ಣದ ಶಿಲೆ. ನಮ್ಮ ಕರಿಗಲ್ಲು ಡಾಲರೈಟ್. ಹಳೆಯ ಬಂಡೆಗಳ ಬಿರುಕಿನೊಳಗೆ ಶಿಲಾರಸ ನುಗ್ಗಿ ಆರಿ ಗಟ್ಟಿಯಾದದ್ದು. ಕಲ್ಲು ಒಂದೇ; ಪೇಟೆಯ ಪದಕ್ಕೂ ಪಾಠದ ಪದಕ್ಕೂ ಅರ್ಥ ಬೇರೆ.

ಚಾಮರಾಜನಗರ, ಗುಂಡ್ಲುಪೇಟೆಗಳ ಹಳ್ಳಿಗಳಿಂದ ಬರುವ ಎಷ್ಟೋ ಮಕ್ಕಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿ.ಯು.ಸಿ.ಯಲ್ಲಿ ವಿಜ್ಞಾನಕ್ಕೆ ಸೇರಿದೊಡನೆ ಇಂಗ್ಲಿಷಿನ ಎದುರು ನಿಲ್ಲುತ್ತಾರೆ. ಅವರನ್ನು ಕಂಗೆಡಿಸುವುದು ಉದ್ದುದ್ದನೆಯ ಪದಗಳೆಂದು ನಾವು ಭಾವಿಸಿದ್ದೇವೆ. ನನಗೆ ಹಾಗೆ ತೋರುವುದಿಲ್ಲ. 'ಫೋಟೋಸಿಂಥೆಸಿಸ್' ಎಂಬುದು ಉದ್ದವಾದರೂ ಪ್ರಾಮಾಣಿಕ ಪದ; ಅದಕ್ಕೆ ಒಂದೇ ಅರ್ಥ, ಒಮ್ಮೆ ಕಲಿತರೆ ಮುಗಿಯಿತು. ಮೋಸಮಾಡುವುವು ಚಿಕ್ಕ ಪದಗಳು: ವರ್ಕ್, ಪವರ್, ಬೇಸ್, ಸೆಲ್, ಕಲ್ಚರ್, ಸೊಲ್ಯೂಷನ್. ಇವೆಲ್ಲ ಗೊತ್ತಿರುವಂತೆಯೇ ಕಾಣುತ್ತವೆ. ಆದ್ದರಿಂದಲೇ ಯಾರೂ ಅವುಗಳ ಅರ್ಥವನ್ನು ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ.

ಅರಿಶಿನದ ಮೂಟೆಯನ್ನು ತಲೆಯ ಮೇಲೆ ಹೊತ್ತು ಒಬ್ಬ ಹಮಾಲಿ ಅಲುಗಾಡದೆ ನಿಂತಿದ್ದಾನೆ, ಮೈಯೆಲ್ಲ ಬೆವರು. ಅವನು ಆ ಮೂಟೆಯ ಮೇಲೆ ಮಾಡುತ್ತಿರುವ 'ವರ್ಕ್' ಸೊನ್ನೆ ಎನ್ನುತ್ತದೆ ಭೌತಶಾಸ್ತ್ರ. ಬಲಕ್ಕೆ ಸಿಕ್ಕ ವಸ್ತು ಬಲದ ದಿಕ್ಕಿನಲ್ಲಿ ಸರಿದರೆ ಮಾತ್ರ ಅಲ್ಲಿ ಕೆಲಸ. ದುಡಿಮೆಯ ಮನೆಯಿಂದ ಬಂದ ಹುಡುಗನಿಗೆ ಈ ಮಾತು ಅನ್ಯಾಯವೆನಿಸಿದರೆ ಅದು ಅವನ ದಡ್ಡತನವಲ್ಲ. ಅವನು ಪದದ ಲೋಕಾರ್ಥವನ್ನು ಹಿಡಿದಿದ್ದಾನೆ. ಶಾಸ್ತ್ರಾರ್ಥ ಬೇರೆಯೆಂದು ಅವನಿಗೆ ಯಾರೂ ತಿಳಿಸಿಲ್ಲ, ಅಷ್ಟೆ.

ಹಾಗೆಂದು ಎಲ್ಲ ದೋಷವನ್ನೂ ಇಂಗ್ಲಿಷಿನ ತಲೆಗೆ ಕಟ್ಟಲಾಗದು. ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರು ಮಾತುಗಳನ್ನು ಮನೆಯಲ್ಲಿ ಒಂದರ ಬದಲಿಗೆ ಇನ್ನೊಂದನ್ನು ಬಳಸುತ್ತೇವೆ. ಪಾಠದಲ್ಲಿ ಅವು ಮೂರು ಬೇರೆ ಸಂಗತಿಗಳು. 'ಆಮ್ಲಜನಕ' ಎಂಬ ನಮ್ಮ ಪದವನ್ನೇ ನೋಡಿ. 18ನೆಯ ಶತಮಾನದಲ್ಲಿ ಲವಾಸಿಯೆ ಆ ಅನಿಲ ಎಲ್ಲ ಆಮ್ಲಗಳಲ್ಲಿಯೂ ಇದೆಯೆಂದು ಬಗೆದು ಗ್ರೀಕ್ ಮೂಲದಿಂದ ಹೆಸರಿಟ್ಟ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದಿಲ್ಲವೆಂದು 1810ರಲ್ಲಿ ಡೇವಿ ತೋರಿಸಿದ. ಗ್ರೀಕ್ ಅರಿಯದ ಇಂಗ್ಲಿಷ್ ಮಗುವಿಗೆ 'ಆಕ್ಸಿಜನ್' ಬರಿಯ ಹೆಸರು. ನಾವು ಅರ್ಥವನ್ನೂ ಅನುವಾದಿಸಿಕೊಂಡೆವು. ಅರ್ಥದೊಡನೆ ತಪ್ಪೂ ಬಂತು.

ಇನ್ನು ಕೆಲವು ಪದಗಳಲ್ಲಿ ಅರ್ಥಕ್ಕಾಗಿ ತಡಕುವುದೇ ವ್ಯರ್ಥ. ಬಿಳಿಗಿರಿರಂಗನ ಬೆಟ್ಟದ ಶಿಲೆಗೆ 'ಚಾರ್ನೊಕೈಟ್' ಎಂದು ಹೆಸರು. ಕೊಲ್ಕತ್ತದಲ್ಲಿ ಜಾಬ್ ಚಾರ್ನಾಕನ ಗೋರಿಯ ಮೇಲಿರುವ ಕಲ್ಲು ಇದೇ ಜಾತಿಯದಾದ್ದರಿಂದ, ಭೂವಿಜ್ಞಾನಿ ಹಾಲೆಂಡ್ 1893ರಲ್ಲಿ ಈ ಹೆಸರಿಟ್ಟ. ಈ ಪದವನ್ನು ಒಡೆದರೆ ಸಿಕ್ಕುವುದು ಒಬ್ಬ ಮನುಷ್ಯ, ಲಕ್ಷಣವಲ್ಲ.

ಹಾಗಾದರೆ ದಾರಿ ಯಾವುದು? ಪದಕ್ಕಿಂತ ಮೊದಲು ವಸ್ತುವನ್ನು ತೋರಿಸುವುದು. 'ಬೇಸ್' ಎಂದರೆ ತಳ, ಆಧಾರ ಎಂದು ನಿಘಂಟು ಹೇಳೀತು. ರಸಾಯನಶಾಸ್ತ್ರಕ್ಕೆ ಅದು ಉಪಯೋಗಕ್ಕೆ ಬಾರದು. ಆದರೆ ಅರಿಶಿನದ ನೀರಿಗೆ ಸುಣ್ಣ ಬೆರೆತರೆ ಕೆಂಪೇರುವುದನ್ನು ಆರತಿಯ ತಟ್ಟೆಯಲ್ಲಿ ನಮ್ಮ ಮಕ್ಕಳು ಕಂಡಿದ್ದಾರೆ. ಹಾಗೆ ಕೆಂಪೇರಿಸಿದ ಸುಣ್ಣವೇ ಒಂದು ಬೇಸ್. ಹುಣಿಸೆಯ ಹುಳಿ ಹಿಂಡಿದರೆ ಹಳದಿ ಮರಳುತ್ತದೆ. ಇದನ್ನು ಮಾಡಿ ನೋಡಿದ ಮಗುವಿಗೆ 'ಪ್ರತ್ಯಾಮ್ಲ' ಎಂಬ ಕನ್ನಡ ಪದವೂ ಆ ಇಂಗ್ಲಿಷ್ ಪದವೂ ಒಟ್ಟಿಗೆ ತೆರೆದುಕೊಳ್ಳುತ್ತವೆ.

ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಸೇರಿ 1918ರಲ್ಲಿ 'ವಿಜ್ಞಾನ' ಪತ್ರಿಕೆಯನ್ನು ಹೊರಡಿಸಿದಾಗ, ಕನ್ನಡದಲ್ಲಿ ಶಾಸ್ತ್ರವನ್ನು ಹೇಳಬಹುದೆಂಬುದು ಸಿದ್ಧವಾಯಿತು. ಇಂದು ಬೇಕಾಗಿರುವುದು ಕನ್ನಡದಲ್ಲಿ ತಿಳಿದದ್ದನ್ನು ಇಂಗ್ಲಿಷಿಗೆ ದಾಟಿಸುವ ಕಿರುಸೇತುವೆ. ಕಾಲೇಜಿನ ಮೊದಲ ಕೆಲವು ವಾರ, ಪ್ರತಿಯೊಂದು ಚಿಕ್ಕ ಪದಕ್ಕೂ ಎರಡೆರಡು ಕನ್ನಡ ವಾಕ್ಯಗಳನ್ನು ಬರೆಸಿದರೆ ಸಾಕು: ಒಂದು ಸಂತೆಯ ಅರ್ಥಕ್ಕೆ, ಇನ್ನೊಂದು ಶಾಸ್ತ್ರದ ಅರ್ಥಕ್ಕೆ. ಇದಕ್ಕೆ ಹಣ ಬೇಡ, ಉಪಕರಣ ಬೇಡ. ತನಗೆ ವಿಜ್ಞಾನ ಹತ್ತುವುದಿಲ್ಲವೆಂದು ತೀರ್ಮಾನಿಸಿ ಹಿಂದಿರುಗುವ ಹುಡುಗ ಅನೇಕ ವೇಳೆ ಸೋತಿರುವುದು ವಿಜ್ಞಾನಕ್ಕಲ್ಲ, ಎರಡು ಅರ್ಥಗಳಿರುವ ಒಂದು ಪದಕ್ಕೆ.